ಜಾಝ್ ಕೇಳಹೊರಟವರಿಗೆ ಮೊದಲ ತಟ್ಟೆ

ಸ್ಯಾಕ್ಸೊಫೋನ್ ಎಂದೊಡನೆ ಕನ್ನಡ ಮನೆಗಳಲ್ಲಿ ನೆನಪಾಗುವ ಹೆಸರು ಒಂದೇ: ಕದ್ರಿ ಗೋಪಾಲನಾಥ್. ನಾಗಸ್ವರ ವಿದ್ವಾಂಸರ ಮನೆಯಲ್ಲಿ ಹುಟ್ಟಿದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಾದ್ಯವನ್ನು ಕೇಳಿ ಮನಸೋತು, ವರ್ಷಾನುಗಟ್ಟಲೆ ಅದರೊಡನೆ ಗುದ್ದಾಡಿ, ಕೊನೆಗೆ ಕರ್ನಾಟಕ ಸಂಗೀತದ ಗಮಕಗಳನ್ನು ಆ ಹಿತ್ತಾಳೆಯ ಕೊಳವೆಯಿಂದ ಹೊರಡಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ರಾಮೋತ್ಸವದ ಚಪ್ಪರದಲ್ಲಾಗಲಿ ಮದುವೆಯ ಮನೆಯಲ್ಲಾಗಲಿ ಆ ನಾದವನ್ನು ಕೇಳಿದವರು ಯಾರೂ ಅದನ್ನು ಪರದೇಶಿಯೆಂದು ಬಗೆಯುವುದಿಲ್ಲ. ಅದೇ ವಾದ್ಯವನ್ನು ಅಮೆರಿಕದ ಜಾಝ್ ವಾದಕನೊಬ್ಬ ನುಡಿಸತೊಡಗಿದನೆನ್ನಿ, ಮನೆಯ ಹಿರಿಯರ ಕೈ ತಾನಾಗಿಯೇ ರೇಡಿಯೋದ ಗುಂಡಿಯ ಕಡೆಗೆ ಹೋಗುತ್ತದೆ. "ಎಲ್ಲರೂ ಒಟ್ಟಿಗೆ ಗದ್ದಲ ಮಾಡುತ್ತಾರೆ, ಸಾಹಿತ್ಯವಿಲ್ಲ, ತುದಿಮೊದಲಿಲ್ಲ" ಎಂಬುದು ಸಾಮಾನ್ಯವಾಗಿ ಕೇಳಿಬರುವ ದೂರು.

ದೂರಿನಲ್ಲಿ ಹುರುಳಿಲ್ಲವೆಂದಲ್ಲ. ಹಳೆಯ ಸಿನಿಮಾಗಳ ಕ್ಲಬ್ಬಿನ ದೃಶ್ಯಗಳಲ್ಲಿ, ಖಳನಾಯಕ ಗಾಜಿನ ಬಟ್ಟಲನ್ನು ಎತ್ತುವ ಹೊತ್ತಿಗೆ ಹಿಂದಿನಿಂದ ಮೊಳಗುವ ತುತ್ತೂರಿಯೇ ಜಾಝ್ ಎಂದು ತಿಳಿದವರು ಬೇರೇನು ಹೇಳಿಯಾರು? ಇನ್ನು ಕುತೂಹಲದಿಂದ ಹುಡುಕಹೊರಟ ತರುಣರ ಕಷ್ಟ ಬೇರೆ ಬಗೆಯದು. ಒಂದು ಕಾಲದಲ್ಲಿ ಇಂಥ ತಟ್ಟೆಯೊಂದು ಸಿಗಬೇಕಾದರೆ ಮುಂಬಯಿಗೋ ಕಲ್ಕತ್ತೆಗೋ ಬರೆದು ತರಿಸಬೇಕಾಗಿತ್ತು. ಈಗ ಅಂಗೈಯಗಲದ ಫೋನಿನಲ್ಲಿ ನೂರು ವರ್ಷದ ಜಾಝ್ ಎಲ್ಲವೂ ಒಮ್ಮೆಗೇ ಬಂದು ಬೀಳುತ್ತದೆ. ಸಾವಿರ ತಟ್ಟೆಗಳ ಪಟ್ಟಿ ಹಿಡಿದವನು ಒಂದೊಂದನ್ನೂ ಎರಡೆರಡು ನಿಮಿಷ ಕೇಳಿ, ಹತ್ತನೆಯದಕ್ಕೆ ಬೇಸತ್ತು ಎದ್ದುಹೋಗುತ್ತಾನೆ. ಹೊಸಬನಿಗೆ ಬೇಕಾದದ್ದು ಪಟ್ಟಿಯಲ್ಲ; ಒಂದು ತಟ್ಟೆ, ಅದರೊಡನೆ ಒಂದು ವಾರದ ತಾಳ್ಮೆ. ಆ ಒಂದರ ಗುಟ್ಟು ತಿಳಿದರೆ ಉಳಿದವು ದಾರಿ ಬಿಡುತ್ತವೆ.

ಆ ಒಂದು ಯಾವುದು? ಕರ್ನಾಟಕ ಸಂಗೀತವನ್ನು ಕೇಳಿ ಬೆಳೆದ ಕಿವಿಗೆ ಉತ್ತರ ಕಷ್ಟವಲ್ಲ. ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕನ 'ಕೈಂಡ್ ಆಫ್ ಬ್ಲೂ'.

1959ನೆಯ ಇಸವಿ ಮಾರ್ಚ್ 2. ನ್ಯೂಯಾರ್ಕ್ ನಗರದ 30ನೆಯ ಬೀದಿಯಲ್ಲಿ ಹಿಂದೊಮ್ಮೆ ಚರ್ಚಾಗಿದ್ದು, ಬಳಿಕ ಕೊಲಂಬಿಯ ಕಂಪನಿಯ ಧ್ವನಿಮುದ್ರಣ ಶಾಲೆಯಾದ ಎತ್ತರದ ಛಾವಣಿಯ ಕಟ್ಟಡ. ಅಲ್ಲಿಗೆ ಬಂದ ವಾದಕರಲ್ಲಿ ಡೇವಿಸ್‌ಗೂ ಟೆನರ್ ಸ್ಯಾಕ್ಸೊಫೋನ್ ನುಡಿಸುವ ಜಾನ್ ಕೋಲ್ಟ್ರೇನ್‌ಗೂ ಆಗ 32 ವರ್ಷ. ಬಾಸ್ ಎಂಬ ಮಂದ್ರದ ತಂತಿವಾದ್ಯ ಹಿಡಿದ ಪಾಲ್ ಚೇಂಬರ್ಸ್‌ಗೆ ಇನ್ನೂ 23. ಆಲ್ಟೊ ಸ್ಯಾಕ್ಸೊಫೋನಿಗೆ ಕ್ಯಾನನ್‌ಬಾಲ್ ಆಡರ್ಲಿ, ಡ್ರಮ್ಮಿಗೆ ಜಿಮ್ಮಿ ಕಾಬ್, ಪಿಯಾನೊಗೆ ಬಿಲ್ ಇವಾನ್ಸ್. ಒಂದು ಕೃತಿಗೆ ಮಾತ್ರ ಇವಾನ್ಸ್‌ನ ಬದಲು ವಿಂಟನ್ ಕೆಲ್ಲಿ. ಬರೆದ ಸಂಗೀತವೆಂಬುದು ಬಹಳ ಸ್ವಲ್ಪ. ಯಾವ ಸ್ವರಶ್ರೇಣಿಯಲ್ಲಿ ಸಂಚರಿಸಬೇಕು, ಎಲ್ಲಿ ಅದನ್ನು ಬದಲಿಸಬೇಕು ಎಂಬ ಗುರುತುಗಳಷ್ಟನ್ನು ಡೇವಿಸ್ ಕೈಗೆ ಕೊಟ್ಟನು. ಏಪ್ರಿಲ್ 22ರಂದು ಮತ್ತೊಂದು ಬೈಠಕ್ಕು. ಎರಡೇ ದಿನಗಳಲ್ಲಿ, ಐದು ಕೃತಿಗಳ ಮುಕ್ಕಾಲು ಗಂಟೆಯ ತಟ್ಟೆ ಸಿದ್ಧವಾಯಿತು. 'ಫ್ಲಮೆಂಕೊ ಸ್ಕೆಚಸ್' ಎಂಬ ಒಂದನ್ನು ಬಿಟ್ಟರೆ ಉಳಿದುವೆಲ್ಲ ಮೊದಲ ಸಲ ಕೊನೆಮುಟ್ಟುವವರೆಗೆ ನುಡಿಸಿದವೇ. ತಪ್ಪಿದ್ದರೆ ತಿದ್ದೋಣವೆಂದು ಹತ್ತು ಸಲ ಮತ್ತೆ ನುಡಿಸಿ ಆಯ್ದುಕೊಂಡದ್ದಲ್ಲ.

ಮೊದಲ ಕೃತಿಯ ಹೆಸರು 'ಸೋ ವಾಟ್', ಹೇಳುವುದಾದರೆ 'ಆದರೇನಂತೆ'. ಪಿಯಾನೊ ಮತ್ತು ಬಾಸ್ ನಿದ್ದೆಗಣ್ಣಿನಲ್ಲಿ ಮಾತಾಡಿದಂತೆ ಸ್ವಲ್ಪ ಹೊತ್ತು ತಡವರಿಸುತ್ತವೆ. ಆ ಮೇಲೆ ಬಾಸ್ ಒಂದು ಪ್ರಶ್ನೆ ಕೇಳುತ್ತದೆ, ಪಿಯಾನೊ ಎರಡೇ ಮೀಟಿನಲ್ಲಿ ಉತ್ತರಿಸುತ್ತದೆ. ಮತ್ತೆ ಪ್ರಶ್ನೆ, ಮತ್ತೆ ಅದೇ ಉತ್ತರ. ಬರಬರುತ್ತ ಊದುವ ವಾದ್ಯಗಳೂ ಉತ್ತರದಲ್ಲಿ ಸೇರಿಕೊಳ್ಳುತ್ತವೆ. ಪಲ್ಲವಿ ಅಷ್ಟೆ. ಇಲ್ಲಿ ಕೇಳುಗನು ಸ್ವರವನ್ನು ಹಿಡಿದು ನೋಡಬೇಕು. ಆ ಶ್ರೇಣಿಯ ಏಳು ಸ್ವರಗಳನ್ನು ಹಾರ್ಮೋನಿಯಂ ಮೇಲೆ ಒತ್ತಿದರೆ ಸಿಗುವುದು ಬೇರೇನೂ ಅಲ್ಲ, 22ನೆಯ ಮೇಳವಾದ ಖರಹರಪ್ರಿಯದ ಸ್ವರಗಳೇ. ನಾಲ್ಕು ಎಣಿಕೆಗಳಿಗೆ ಒಂದು ಗುಂಪಿನಂತೆ 16 ಗುಂಪುಗಳು ಅದರಲ್ಲಿ ಸಾಗುತ್ತವೆ. ಮುಂದಿನ 8 ಗುಂಪುಗಳಿಗೆ ಇಡೀ ಶ್ರೇಣಿಯೇ, ಆಧಾರ ಷಡ್ಜದ ಸಮೇತ, ಅರ್ಧ ಸ್ವರದಷ್ಟು ಮೇಲಕ್ಕೆ ಸರಿಯುತ್ತದೆ. ಕೊನೆಯ 8ರಲ್ಲಿ ಮರಳಿ ಮನೆಗೆ ಬರುತ್ತದೆ. ಹೀಗೆ 32 ಗುಂಪುಗಳಿಗೆ ಒಂದು ಸುತ್ತು. ಶ್ರುತಿಯೇ ಕದಲುವುದೆಂದರೆ ತಂಬೂರಿಯ ಕೆಳಗೆ ಬೆಳೆದ ಕಿವಿಗೆ ಮೊದಲು ಕಾಲ ಕೆಳಗಿನ ಹಲಗೆ ಜಾರಿದಂತಾಗುತ್ತದೆ. ಮೂರು ನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಆ ಜಾರಿಕೆಗಾಗಿಯೇ ಕಾಯುವಂತಾಗುತ್ತದೆ.

ಪಲ್ಲವಿ ಮುಗಿದು ಡೇವಿಸ್‌ನ ಟ್ರಂಪೆಟ್ ಒಂಟಿಯಾಗಿ ಏಳುವ ಕ್ಷಣದಲ್ಲಿ ಜಿಮ್ಮಿ ಕಾಬ್ ತನ್ನ ದೊಡ್ಡ ಸಿಂಬಲ್ ಮೇಲೆ ಒಂದು ಪೆಟ್ಟು ಹಾಕುತ್ತಾನೆ. ನಿಂತ ನೀರಿಗೆ ಕಲ್ಲು ಬಿದ್ದಂತೆ ಆ ನಾದ ಹರಡುತ್ತಾ, ಅಡಗುತ್ತಾ ಇರುವಾಗಲೇ ಟ್ರಂಪೆಟ್ ಮಾತಿಗೆ ತೊಡಗಿರುತ್ತದೆ. ಡೇವಿಸ್ ಹೆಚ್ಚು ಸ್ವರಗಳನ್ನು ನುಡಿಸುವುದಿಲ್ಲ. ಎರಡು ಸುತ್ತುಗಳಲ್ಲಿ ಬಿಟ್ಟ ಮೌನವೇ ಅರ್ಧ. ಅವನ ಬೆನ್ನಿಗೆ ಬರುವ ಕೋಲ್ಟ್ರೇನ್ ಅದಕ್ಕೆ ತದ್ವಿರುದ್ಧ. ಅವನಿಗೆ ಹೇಳುವುದು ಎಷ್ಟೋ ಇದೆ, ಹೊತ್ತು ಸಾಲದು. ಮೂರನೆಯವನಾದ ಆಡರ್ಲಿಯದು ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಹರಟುವವನ ಲಹರಿ. ಸ್ವರಗಳು ಅವೇ, ಸುತ್ತು ಅದೇ, ಮೂವರ ಸ್ವಭಾವ ಮಾತ್ರ ಮೂರು. ಒಂದೇ ರಾಗದ ಆಲಾಪನೆಯನ್ನು ಮೂವರು ವಿದ್ವಾಂಸರಿಂದ ಕೇಳಿ ಇಂಥದು ಯಾರದೆಂದು ಕಣ್ಣು ಮುಚ್ಚಿ ಹೇಳಬಲ್ಲ ರಸಿಕರು ಕರ್ನಾಟಕದಲ್ಲಿ ಎಷ್ಟೋ ಮಂದಿ. ಜಾಝ್ ಕೇಳಲು ಬೇಕಾದ ಮುಖ್ಯ ವಿದ್ಯೆ ಅದೇ. ಅದು ಕೈಯಲ್ಲಿರುವವರನ್ನು ಹೊಸಬರೆಂದು ಕರೆಯುವುದೂ ಪೂರ್ಣ ಸರಿಯಲ್ಲ.

ಹೋಲಿಕೆಯನ್ನು ಮಾತ್ರ ಅತಿಯಾಗಿ ಎಳೆಯಬಾರದು. ಸ್ವರಗಳು ಖರಹರಪ್ರಿಯದವಾದರೂ ಅದು ರಾಗವಲ್ಲ. ಜೀವಸ್ವರ, ನ್ಯಾಸ, ಗಮಕಗಳ ಕಟ್ಟಳೆ ಅಲ್ಲಿಲ್ಲ. ಅಲ್ಲದೆ ಆ ಕಾಲದ ಜಾಝ್ ವಾದಕರು ಪಳಗಿದ್ದದ್ದು ಬೇರೆಯೇ ಬಗೆಯ ನಡಿಗೆಯಲ್ಲಿ. ಪಿಯಾನೊ ಮೂರು ನಾಲ್ಕು ಸ್ವರಗಳನ್ನು ಒಟ್ಟಿಗೆ ಒತ್ತಿ ಹೊರಡಿಸುವ ಸ್ವರಗುಚ್ಛಗಳು ಕ್ಷಣಕ್ಷಣಕ್ಕೂ ಬದಲಾಗುತ್ತಿರುವಾಗ, ಹೊಳೆಯಲ್ಲಿ ಬಂಡೆಯಿಂದ ಬಂಡೆಗೆ ಹಾರುವವನಂತೆ ಅವುಗಳ ಮೇಲೆ ಹೆಜ್ಜೆ ತಪ್ಪದೆ ಓಡುವುದೇ ಪಾಂಡಿತ್ಯವೆನಿಸಿತ್ತು. ಡೇವಿಸ್ ಬಂಡೆಗಳನ್ನೆಲ್ಲ ತೆಗೆದು ಬಯಲನ್ನು ಕೊಟ್ಟನು. ಬಯಲಿನಲ್ಲಿ ಓಡುವುದು ಸುಲಭವೆಂದು ತೋರೀತು. ಎಡವಿದರೆ ದೂಷಿಸಲು ಕಲ್ಲಿಲ್ಲ, ಹೇಳಲು ಏನೂ ಇಲ್ಲದವನಿಗೆ ಮರೆಯೂ ಇಲ್ಲ.

ಈ ತಟ್ಟೆಗೆ ಒಂದು ದೋಷವೂ ಉಂಟು, ಅದರ ಕಥೆ ಸ್ವಾರಸ್ಯವಾದದ್ದು. ಮಾರ್ಚ್ 2ರ ದಿನ ಮುದ್ರಣಯಂತ್ರ ಸ್ವಲ್ಪ ನಿಧಾನವಾಗಿ ಓಡಿತ್ತು. ಆದ್ದರಿಂದ ಸರಿಯಾದ ವೇಗದಲ್ಲಿ ಮರುನುಡಿಸಿದಾಗ ಮೊದಲ ಮಗ್ಗುಲಿನ ಮೂರೂ ಕೃತಿಗಳ ಶ್ರುತಿ ತುಸು ಏರಿಯೇ ಕೇಳುತ್ತಿತ್ತು. ತಟ್ಟೆಯ ಜೊತೆಗೆ ಅಭ್ಯಾಸ ಮಾಡಹೋದ ಎಷ್ಟು ಮಂದಿ ವಿದ್ಯಾರ್ಥಿಗಳು ತಮ್ಮ ವಾದ್ಯದ ಶ್ರುತಿಯೇ ಕೆಟ್ಟಿತೆಂದುಕೊಂಡರೋ! ಅದೇ ದಿನ ಸರಿಯಾಗಿ ಓಡಿದ್ದ ಎರಡನೆಯ ಯಂತ್ರದ ಪಟ್ಟಿಯಿಂದ 1992ರಲ್ಲಿ ಅದನ್ನು ತಿದ್ದಿ ಹೊರತಂದರು. 33 ವರ್ಷಗಳ ಕಾಲ ಲೋಕವೆಲ್ಲ ಮೆಚ್ಚಿದ್ದು ಏರಿದ ಶ್ರುತಿಯನ್ನೇ.

ತಟ್ಟೆ ಅಂಗಡಿಗಳಿಗೆ ಬಂದದ್ದು 1959ರ ಆಗಸ್ಟ್ 17ರಂದು. ಎಂಟು ದಿನ ಕಳೆದಿತ್ತು. ನ್ಯೂಯಾರ್ಕಿನ ಬರ್ಡ್‌ಲೆಂಡ್ ಎಂಬ ಕ್ಲಬ್ಬಿನಲ್ಲಿ ಡೇವಿಸ್‌ನ ಕಚೇರಿ. ಬಾಗಿಲ ಮೇಲಿನ ದೀಪದ ಫಲಕದಲ್ಲಿ ಅವನದೇ ಹೆಸರು. ನಡುವಿನ ವಿರಾಮದಲ್ಲಿ ಬಿಳಿಯ ಮಹಿಳೆಯೊಬ್ಬಳನ್ನು ಟ್ಯಾಕ್ಸಿ ಹತ್ತಿಸಿ ಬಾಗಿಲ ಮುಂದೆ ಗಾಳಿಗೆ ನಿಂತಿದ್ದಾಗ, ಪೋಲೀಸಿನವನೊಬ್ಬ ಜಾಗ ಬಿಟ್ಟು ನಡೆಯೆಂದನು. ತಾನು ಒಳಗೆ ಕೆಲಸ ಮಾಡುವವನೆಂದು ಡೇವಿಸ್ ಫಲಕದ ಹೆಸರನ್ನು ತೋರಿಸಿದನು. ಮಾತಿಗೆ ಮಾತು ಬೆಳೆಯಿತು. ಅಷ್ಟರಲ್ಲಿ ಬಂದ ಇನ್ನೊಬ್ಬ ಪತ್ತೇದಾರ ಅವನ ತಲೆಗೆ ಹೊಡೆದನು. ರಕ್ತದಿಂದ ತೊಯ್ದ ಅಂಗಿಯಲ್ಲೇ ಅವನನ್ನು ಠಾಣೆಗೆ ಒಯ್ದರು. ಕಪ್ಪು ಜನಾಂಗದವನಾದ ಕಲಾವಿದನಿಗೆ ತನ್ನ ಹೆಸರು ಬೆಳಗುತ್ತಿದ್ದ ಬಾಗಿಲ ಮುಂದೆಯೂ ನಿಲ್ಲುವ ಹಕ್ಕು ಇರಲಿಲ್ಲವೆಂದಾಯಿತು. ಮುಂದೆ ನ್ಯಾಯಾಲಯ ಆರೋಪಗಳನ್ನು ತಳ್ಳಿಹಾಕಿತು. ಆ ರಾತ್ರಿಯ ಕಹಿ ಬಹಳ ಕಾಲ ತನ್ನನ್ನು ಬಿಡಲಿಲ್ಲವೆಂದು ಡೇವಿಸ್ ಹೇಳಿಕೊಂಡಿದ್ದಾನೆ. 'ಆದರೇನಂತೆ' ಎಂಬ ಹೆಸರನ್ನು ಇದರ ಬಳಿಕ ಓದಿದರೆ ಅದರ ಧ್ವನಿಯೇ ಬೇರೆ.

ಆ ತಟ್ಟೆಯ ಮೇಲೆ ಒಂದು ವಾರ ಕಳೆದ ಕೇಳುಗನು ಹಿಂದಕ್ಕೂ ಹೋಗಬಹುದು, ಮುಂದಕ್ಕೂ ಹೋಗಬಹುದು. ಹಿಂದಕ್ಕೆ ಹೋಗುವುದು ಲೇಸು. ಏಕೆಂದರೆ 'ಕೈಂಡ್ ಆಫ್ ಬ್ಲೂ'ವಿನ ಎರಡನೆಯ ಕೃತಿಯ ಅಡಿಪಾಯವೇ ಬಹು ಹಳೆಯದು: ಹನ್ನೆರಡು ಗುಂಪುಗಳ ಒಂದು ಸುತ್ತು, ಬ್ಲೂಸ್ ಎಂದು ಅದರ ಹೆಸರು. ಅಮೆರಿಕದ ದಕ್ಷಿಣದಲ್ಲಿ ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು ಹತ್ತಿಯ ಹೊಲದಲ್ಲೂ ರೈಲಿನ ಹಳಿಯ ಮೇಲೂ ದುಡಿಯುತ್ತ ಕಟ್ಟಿದ ಹಾಡಿನ ಅಚ್ಚು ಅದು. ಅದಕ್ಕೆ ಊರಿನ ಮೆರವಣಿಗೆಯ ಬ್ಯಾಂಡು, ಚರ್ಚಿನ ಭಜನೆ, ಕುಣಿತದ ಮನೆಯ ಪಿಯಾನೊ ಎಲ್ಲವೂ ಕೂಡಿ ಜಾಝ್ ಮೈದಾಳಿದ್ದು ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ಎಂಬ ಬಂದರು ಪಟ್ಟಣದಲ್ಲಿ. ಅಲ್ಲಿ 1901ರಲ್ಲಿ ಹುಟ್ಟಿದವನು ಲೂಯಿ ಆರ್ಮ್‌ಸ್ಟ್ರಾಂಗ್. 1912ರ ಕೊನೆಯ ರಾತ್ರಿ ಹೊಸ ವರ್ಷದ ಸಡಗರದಲ್ಲಿ ಬೀದಿಯಲ್ಲಿ ಪಿಸ್ತೂಲು ಹಾರಿಸಿದನೆಂದು ಆ ಹುಡುಗನನ್ನು ಹಿಡಿದು ಅನಾಥ ಬಾಲಕರ ಸುಧಾರಣಾ ಗೃಹಕ್ಕೆ ಹಾಕಿದರು. ಅಲ್ಲಿನ ಬ್ಯಾಂಡಿನಲ್ಲಿ ಅವನಿಗೆ ಕಾರ್ನೆಟ್ ವಾದ್ಯದ ಕ್ರಮವಾದ ಪಾಠ ದೊರಕಿತು. ಶಿಕ್ಷೆಯೇ ಗುರುಕುಲವಾದ ಇಂಥ ಉದಾಹರಣೆ ಅಪರೂಪ.

1925ರ ನವೆಂಬರಿನಿಂದ 1928ರವರೆಗೆ ಆರ್ಮ್‌ಸ್ಟ್ರಾಂಗ್ ಷಿಕಾಗೋದಲ್ಲಿ 'ಹಾಟ್ ಫೈವ್', 'ಹಾಟ್ ಸೆವೆನ್' ಎಂಬ ಚಿಕ್ಕ ಮೇಳಗಳೊಡನೆ ಮುದ್ರಿಸಿದ ತಟ್ಟೆಗಳು ಈಗ ಒಟ್ಟಾಗಿ ಸಿಗುತ್ತವೆ. ಆ ಕಾಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು ನಿಮಿಷಕ್ಕಿಂತ ತುಸು ಹೆಚ್ಚು. ಅರ್ಧ ಗಂಟೆಯ ತಟ್ಟೆ ಬಂದದ್ದು 1948ರಲ್ಲಿ. ಮೂರೇ ನಿಮಿಷದಲ್ಲಿ ಬಂದು, ಹೇಳಿ, ಮುಗಿಸಿ ಹೋಗಬೇಕು. ಮುದ್ರಣದಲ್ಲಿ ಮಳೆ ಸುರಿದಂಥ ಗರಗರ ಶಬ್ದ ಉಂಟು, ಅದಕ್ಕೆ ಅಂಜಬೇಕಾಗಿಲ್ಲ. 1928ರ ಜೂನ್ 28ರಂದು ಮುದ್ರಿತವಾದ 'ವೆಸ್ಟ್ ಎಂಡ್ ಬ್ಲೂಸ್' ಒಂದನ್ನೇ ಕೇಳಿದರೂ ಸಾಕು. ಪಕ್ಕವಾದ್ಯವಿಲ್ಲದೆ, ತಾಳದ ಹಂಗಿಲ್ಲದೆ ಟ್ರಂಪೆಟ್ ಒಂಟಿಯಾಗಿ ಮೇಲಕ್ಕೆ ಹಾರಿ, ಹೊರಳಿ, ಇಳಿದು ಬರುವ ಆ ಮೊದಲ ಕೆಲವು ಕ್ಷಣಗಳು ಮುಂದಿನ ಪೀಳಿಗೆಯ ವಾದಕರಿಗೆಲ್ಲ ಪಾಠವಾದವು. ಅಲ್ಲಿಯವರೆಗೆ ಮೇಳವೆಲ್ಲ ಒಟ್ಟಿಗೆ ಸೇರಿ ನುಡಿಸುವ ಸಂಗೀತವಾಗಿದ್ದ ಜಾಝ್, ಒಬ್ಬ ವಾದಕನ ಮನೋಧರ್ಮಕ್ಕೆ ಎಡೆಗೊಡುವ ಸಂಗೀತವಾದದ್ದು ಈ ತಟ್ಟೆಗಳಿಂದ.

ಮನೆಯಲ್ಲಿ ತಾಯಿ, ಅತ್ತೆ, ಮಕ್ಕಳೆಲ್ಲ ಕುಳಿತು ಕೇಳಬಹುದಾದದ್ದು ಬೇಕೆಂದರೆ ಅದೇ ಆರ್ಮ್‌ಸ್ಟ್ರಾಂಗ್ 1956ರಲ್ಲಿ ಎಲ್ಲಾ ಫಿಟ್ಜೆರಾಲ್ಡ್ ಎಂಬ ಗಾಯಕಿಯೊಡನೆ ಹಾಡಿದ 'ಎಲ್ಲಾ ಅಂಡ್ ಲೂಯಿ' ಇದೆ. ಆಕೆಯದು ಹಾಲಿನಂಥ ಕಂಠ, ಅವನದು ಜಲ್ಲಿಕಲ್ಲಿನ ಮೇಲೆ ಗಾಡಿ ಎಳೆದಂತೆ. ಎರಡೂ ಕೂಡಿದರೆ ಎಂಥ ಸವಿ ಎಂಬುದನ್ನು ಕೇಳಿಯೇ ತಿಳಿಯಬೇಕು. ಎಲ್ಲಾ 1934ರಲ್ಲಿ, 17ನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ಅಪೊಲೊ ನಾಟಕಶಾಲೆಯ ಹವ್ಯಾಸಿಗಳ ಸ್ಪರ್ಧೆಗೆ ಕುಣಿಯಲೆಂದು ಹೋದವಳು. ತನಗಿಂತ ಮೊದಲು ಕುಣಿದವರನ್ನು ಕಂಡು ಧೈರ್ಯಗೆಟ್ಟು, ಕುಣಿತ ಬಿಟ್ಟು ಹಾಡಿ ಬಹುಮಾನ ಗೆದ್ದಳು. ಆಕೆಯ ಇನ್ನೊಂದು ತಟ್ಟೆ ಹೊಸ ಕೇಳುಗರಿಗೆ ಇನ್ನೂ ಹೆಚ್ಚಿನದನ್ನು ಕಲಿಸೀತು. 1960ರ ಫೆಬ್ರವರಿ 13ರಂದು ಪಶ್ಚಿಮ ಬರ್ಲಿನಿನಲ್ಲಿ ಸಾವಿರಾರು ಜನರೆದುರು 'ಮ್ಯಾಕ್ ದ ನೈಫ್' ಎಂಬ ಹಾಡನ್ನು ಹಾಡುತ್ತಿರುವಾಗ ನಡುವೆ ಆಕೆಗೆ ಸಾಹಿತ್ಯವೇ ಮರೆತುಹೋಯಿತು. ಮೇಳ ನಿಲ್ಲಲಿಲ್ಲ, ತಾಳ ಕಾಯಲಿಲ್ಲ. ಆಕೆ ಮರೆತೆನೆಂಬುದನ್ನೇ ಸಾಹಿತ್ಯ ಮಾಡಿ, ಪ್ರಾಸ ಹೊಂದಿಸಿ, ಅದೇ ಹಾಡನ್ನು ಹಿಂದೆ ಹಾಡಿದ್ದವರ ಹೆಸರು ಸೇರಿಸಿ, ಆರ್ಮ್‌ಸ್ಟ್ರಾಂಗ್‌ನ ಒರಟು ದನಿಯನ್ನು ಅಣಕಿಸಿ, ಅರ್ಥವಿಲ್ಲದ ಅಕ್ಷರಗಳಲ್ಲಿ ಸ್ವರ ಹಾಕಿ, ಸಮಕ್ಕೆ ಸರಿಯಾಗಿ ಬಂದಿಳಿದಳು. ಆ ತಪ್ಪನ್ನು ತೆಗೆಯದೆ ಹಾಗೆಯೇ ತಟ್ಟೆಯಾಗಿ ತಂದರು. ಅದಕ್ಕೆ ಗ್ರ್ಯಾಮಿ ಬಹುಮಾನವೂ ಬಂದಿತು. ಅರ್ಧದಲ್ಲಿ ಚರಣ ಮರೆತು ತಿಣುಕಾಡಿದ ಅನುಭವವಿರುವ ಗೃಹಿಣಿಯರು ಇದನ್ನು ಕೇಳಿ ನಕ್ಕಾರು, ಸ್ವಲ್ಪ ಅಸೂಯೆಯನ್ನೂ ಪಟ್ಟಾರು.

ತಾಳದ ಲೆಕ್ಕಾಚಾರದಲ್ಲಿ ಕೈ ಪಳಗಿದವರಿಗೆ ಡೇವ್ ಬ್ರೂಬೆಕ್ ಎಂಬ ಪಿಯಾನೊ ವಾದಕನ 'ಟೈಮ್ ಔಟ್' ಸರಿಹೋದೀತು. ಅದೂ 1959ರದ್ದೇ. ಜಾಝ್ ಅಲ್ಲಿಯತನಕ ಬಹುಮಟ್ಟಿಗೆ ನಾಲ್ಕರ ಎಣಿಕೆಯಲ್ಲಿಯೇ ನಡೆಯುತ್ತಿತ್ತು. ಬ್ರೂಬೆಕ್ 1958ರಲ್ಲಿ ಅಮೆರಿಕ ಸರಕಾರದ ವತಿಯಿಂದ ಯುರೋಪು ಏಷ್ಯಗಳನ್ನು ಸುತ್ತಿದಾಗ ಭಾರತಕ್ಕೂ ಬಂದಿದ್ದನು. ದಾರಿಯಲ್ಲಿ ತುರ್ಕಿಯ ಇಸ್ತಾಂಬುಲ್ ನಗರದ ಬೀದಿಯ ವಾದಕರು ಒಂಬತ್ತರ ಎಣಿಕೆಯನ್ನು ಎರಡು, ಎರಡು, ಎರಡು, ಮೂರು ಎಂದು ಒಡೆದು ನುಡಿಸುವುದನ್ನು ಕೇಳಿ ಬೆರಗಾದನು. ಅದರಿಂದ ಹುಟ್ಟಿದ್ದು ತಟ್ಟೆಯ ಮೊದಲ ಕೃತಿ. ಐದರ ಎಣಿಕೆಯ 'ಟೇಕ್ ಫೈವ್' ಎಂಬುದನ್ನು ರಚಿಸಿದವನು ಮಾತ್ರ ಬ್ರೂಬೆಕ್ ಅಲ್ಲ, ಅವನ ಮೇಳದ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್. ಖಂಡಛಾಪು ಹಾಕಿ ಬೆಳೆದವರು ಇದಕ್ಕೆ ಕೂಡಲೇ ತೊಡೆ ತಟ್ಟಬಹುದು. ಆದರೆ ಖಂಡಛಾಪಿನಲ್ಲಿ ಎರಡರ ಹಿಂದೆ ಮೂರು ಬಂದರೆ ಇಲ್ಲಿ ಮೂರರ ಹಿಂದೆ ಎರಡು. ಮೊದಲ ಸಲ ಕೈ ತಪ್ಪದವರು ಕಡಿಮೆ. ಜೋ ಮೊರೆಲ್ಲೋನ ಡ್ರಮ್ ವಾದನವನ್ನು ತನಿ ಆವರ್ತನವೆಂದೇ ಕೇಳಬಹುದು. ಮೃದಂಗ ಘಟಗಳ ಪ್ರಶ್ನೋತ್ತರ ಕೇಳಿದವರಿಗೆ ಅದು ಸ್ವಲ್ಪ ಸಪ್ಪೆಯೆನಿಸಿದರೂ ತಪ್ಪಲ್ಲ.

ತಟ್ಟೆ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಹೀಗೆ ಹೆಸರು ಬಂದ ಹೊತ್ತಿನಲ್ಲೇ, 1960ರಲ್ಲಿ, ಅಮೆರಿಕದ ದಕ್ಷಿಣದ ಕಾಲೇಜುಗಳಲ್ಲಿ ಬ್ರೂಬೆಕ್‌ನ ಕಚೇರಿಗಳು ಗೊತ್ತಾಗಿದ್ದುವು. ಮೇಳದ ಬಾಸ್ ವಾದಕ ಯೂಜಿನ್ ರೈಟ್ ಕಪ್ಪು ಜನಾಂಗದವನು. ಅವನ ಬದಲು ಬಿಳಿಯನನ್ನು ಕರೆತರಬೇಕೆಂದು ಕಾಲೇಜುಗಳು ಪಟ್ಟುಹಿಡಿದುವು. ಬ್ರೂಬೆಕ್ ಒಪ್ಪಲಿಲ್ಲ. ಕಚೇರಿಗಳಲ್ಲಿ ಬಹುಪಾಲು ರದ್ದಾದುವು, ಹಣವೂ ಹೋಯಿತು. ಇನ್ನು ಡೆಸ್ಮಂಡ್ 1977ರಲ್ಲಿ ತೀರಿಕೊಳ್ಳುವಾಗ 'ಟೇಕ್ ಫೈವ್'ನ ಗೌರವಧನವೆಲ್ಲ ಅಮೆರಿಕದ ರೆಡ್ ಕ್ರಾಸ್ ಸಂಸ್ಥೆಗೆ ಸಲ್ಲಲೆಂದು ಉಯಿಲು ಬರೆದಿಟ್ಟನು.

ದೊಡ್ಡ ಮೇಳದ ಸೊಬಗು ಬೇಕೆಂದರೆ ಡ್ಯೂಕ್ ಎಲಿಂಗ್ಟನ್‌ನ ಬಳಿಗೆ ಹೋಗಬೇಕು. 1956ರ ವೇಳೆಗೆ ಅವನ ಕಾಲ ಮುಗಿಯಿತೆಂದು ಜನ ಆಡಿಕೊಳ್ಳುತ್ತಿದ್ದರು. ಜುಲೈ 7ರ ರಾತ್ರಿ ನ್ಯೂಪೋರ್ಟ್ ಉತ್ಸವದಲ್ಲಿ ಅವನ ಮೇಳದ ಸರದಿ ಬರುವಷ್ಟರಲ್ಲಿ ಹೊತ್ತು ಮೀರಿ, ಕೇಳುಗರು ಮನೆಯ ದಾರಿ ಹಿಡಿಯುತ್ತಿದ್ದರು. ಹಳೆಯ ಎರಡು ಬ್ಲೂಸ್ ಕೃತಿಗಳನ್ನು ಜೋಡಿಸಿ, ನಡುವೆ ಪಾಲ್ ಗೊನ್ಸಾಲ್ವೆಸ್ ಎಂಬ ಸ್ಯಾಕ್ಸೊಫೋನ್ ವಾದಕ ಮನಸ್ಸಿಗೆ ಬಂದಷ್ಟು ನುಡಿಸಲೆಂದು ಎಲಿಂಗ್ಟನ್ ಬಿಟ್ಟನು. ಅವನು ಹನ್ನೆರಡು ಗುಂಪಿನ 27 ಸುತ್ತುಗಳನ್ನು ಉಸಿರು ತಿರುಗಿಸದವನಂತೆ ನುಡಿಸಿದನು. ಹೆಂಗಸೊಬ್ಬಳು ಎದ್ದು ಕುಣಿಯತೊಡಗಿದಳು. ಹೊರಟವರು ಹಿಂತಿರುಗಿ ಬಂದರು. ಗಲಭೆಯಾದೀತೆಂದು ವ್ಯವಸ್ಥಾಪಕರು ಕಂಗಾಲಾದರು. ಮುಂದಿನ ತಿಂಗಳು 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಎಲಿಂಗ್ಟನ್‌ನ ಚಿತ್ರ ಬಂದಿತು.

ವಿನೋದವೆಂದರೆ ಆ ರಾತ್ರಿಯದೆಂದು ಜನ ಕೊಂಡ ತಟ್ಟೆಯಲ್ಲಿ ಎಷ್ಟೋ ಭಾಗ ಆ ರಾತ್ರಿಯದಲ್ಲ. ಕೆಲವು ಕೃತಿಗಳನ್ನು ಎರಡು ದಿನದ ಮೇಲೆ ಮುದ್ರಣಶಾಲೆಯಲ್ಲಿ ಮತ್ತೆ ನುಡಿಸಿ, ಮೇಲೆ ಚಪ್ಪಾಳೆಯನ್ನು ಅಂಟಿಸಿದ್ದರು. ಗೊನ್ಸಾಲ್ವೆಸ್‌ನ ವಾದನ ಮಾತ್ರ ನಿಜವಾದದ್ದೇ, ಆದರೆ ದೂರದಿಂದ ಬಂದಂತೆ ಕೇಳುತ್ತಿತ್ತು. ಕಾರಣ, ಉತ್ಸಾಹದಲ್ಲಿ ಆತ ಊದಿದ್ದು ತಟ್ಟೆ ಕಂಪನಿಯ ಮೈಕಿಗಲ್ಲ, ಪಕ್ಕದಲ್ಲಿದ್ದ 'ವಾಯ್ಸ್ ಆಫ್ ಅಮೆರಿಕ' ರೇಡಿಯೋದ ಮೈಕಿಗೆ! ರೇಡಿಯೋದವರ ಪಟ್ಟಿ ಸಿಕ್ಕು, ಎರಡನ್ನೂ ಹೊಂದಿಸಿ 1999ರಲ್ಲಿ ಹೊರತಂದರು. ಕೊಳ್ಳುವವರು ಆ ಆವೃತ್ತಿಯನ್ನೇ ಕೇಳಿ ಪಡೆಯಬೇಕು. 1963ರಲ್ಲಿ ಎಲಿಂಗ್ಟನ್ ತನ್ನ ಮೇಳದೊಡನೆ ಭಾರತಕ್ಕೆ ಬಂದಿದ್ದನು. ಆ ಪ್ರವಾಸದ ನೆನಪಿನಿಂದ ಅವನೂ ಅವನ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನನೂ ರಚಿಸಿದ 'ಫಾರ್ ಈಸ್ಟ್ ಸ್ವೀಟ್' 1967ರಲ್ಲಿ ಹೊರಬಂದಿತು. ಅದರಲ್ಲಿ ಆಗ್ರಾ ಇದೆ, ದೆಹಲಿಯ ಮೈನಾ ಹಕ್ಕಿಯೂ ಇದೆ. ಭಾರತವನ್ನು ಕೇಳುವೆವೆಂದು ಅದನ್ನು ಹಾಕಿದರೆ ನಿರಾಸೆಯಾಗುತ್ತದೆ. ಅದು ಎಲ್ಲ ಬಗೆಯಲ್ಲೂ ಎಲಿಂಗ್ಟನ್‌ನದೇ.

ಕೆಲವು ತಟ್ಟೆಗಳನ್ನು ಎತ್ತಿಕೊಳ್ಳಲು ಅವಸರ ಬೇಡ. ಬಿಲ್ಲಿ ಹಾಲಿಡೇ ಎಂಬ ಗಾಯಕಿಯ 1958ರ 'ಲೇಡಿ ಇನ್ ಸ್ಯಾಟಿನ್' ಅಂಥದು. ಒಡೆದು ಹೋದ ಕಂಠದಲ್ಲಿ ಹಾಡಿದ್ದು. ಮರುವರ್ಷ ಜುಲೈ 17ರಂದು 44ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡಾಗ ಆಸ್ಪತ್ರೆಯ ಹಾಸಿಗೆಯಲ್ಲೂ ಪೋಲೀಸರ ಬಂಧನದಲ್ಲಿದ್ದಳು. ಆಕೆಯ 1930ರ ದಶಕದ ಹಾಡುಗಳನ್ನು ಮೊದಲು ಕೇಳದವರಿಗೆ ಈ ತಟ್ಟೆಯಲ್ಲಿ ಕಳೆದುಹೋದದ್ದೇನೆಂಬುದು ತಿಳಿಯದು. ಥೆಲೋನಿಯಸ್ ಮಂಕ್‌ನ 'ಬ್ರಿಲಿಯಂಟ್ ಕಾರ್ನರ್ಸ್' ಕೃತಿಯೂ ಕಾಯಲಿ. 1956ರಲ್ಲಿ ಅದನ್ನು ನುಡಿಸಹೋದ ಘಟಾನುಘಟಿಗಳು 25 ಸಲ ಯತ್ನಿಸಿಯೂ ಒಮ್ಮೆಯೂ ಸಮರ್ಪಕವಾಗಿ ಕೊನೆಮುಟ್ಟಲಾರದೆ, ಕಡೆಗೆ ತುಣುಕುಗಳನ್ನು ಹೊಲಿದು ತಟ್ಟೆ ಮಾಡಬೇಕಾಯಿತು. ನುಡಿಸುವವರಿಗೇ ಅಷ್ಟು ತೊಡಕೆನಿಸಿದ್ದು ಹೊಸ ಕೇಳುಗನನ್ನು ಬೆದರಿಸಿದರೆ ಆಶ್ಚರ್ಯವೇನು?

ಆದರೆ 'ಕೈಂಡ್ ಆಫ್ ಬ್ಲೂ'ವಿನಲ್ಲಿ ಹೊತ್ತು ಸಾಲದೆಂಬಂತೆ ನುಡಿಸಿದ ಕೋಲ್ಟ್ರೇನ್‌ನನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವಂತಿಲ್ಲ. ಮಾದಕ ವಸ್ತುವಿಗೂ ಕುಡಿತಕ್ಕೂ ವಶನಾಗಿ ಡೇವಿಸ್‌ನ ಮೇಳದಿಂದ ಹೊರದೂಡಿಸಿಕೊಂಡವನು, 1957ರಲ್ಲಿ ದೇವರ ಕೃಪೆಯಿಂದ ತನಗೆ ಎಚ್ಚರವಾಯಿತೆಂದು ನಂಬಿ, ಎರಡನ್ನೂ ಬಿಟ್ಟನು. ಅದರ ಕೃತಜ್ಞತೆಯಾಗಿ 1964ರ ಡಿಸೆಂಬರ್ 9ರಂದು ಒಂದೇ ದಿನದಲ್ಲಿ ತನ್ನ ಮೇಳದ ಮೂವರೊಡನೆ ನುಡಿಸಿದ್ದು 'ಎ ಲವ್ ಸುಪ್ರೀಮ್'. ನಾಲ್ಕು ಭಾಗಗಳು, ಸುಮಾರು 33 ನಿಮಿಷ. ಮೊದಲ ಭಾಗದಲ್ಲಿ ನಾಲ್ಕೇ ಸ್ವರಗಳ ಒಂದು ಪಲುಕನ್ನು ಆತ ಹನ್ನೆರಡು ಶ್ರುತಿಗಳಲ್ಲೂ ಎತ್ತಿ ಎತ್ತಿ ಇಡುತ್ತಾನೆ, ಮನೆಯೊಳಗಿನ ಪ್ರತಿಯೊಂದು ಕೋಣೆಗೂ ದೀಪ ಹಿಡಿದು ಹೋದವನಂತೆ. ಕೊನೆಯ ಭಾಗವನ್ನು ವೀಣೆಯ ಪರಿಚಯವಿರುವವರು ವಿಶೇಷವಾಗಿ ಮೆಚ್ಚಿಯಾರು. ತಟ್ಟೆಯ ಹೊದಿಕೆಯ ಒಳಗೆ ಕೋಲ್ಟ್ರೇನ್ ತಾನೇ ಬರೆದ ಪ್ರಾರ್ಥನೆಯೊಂದನ್ನು ಅಚ್ಚು ಮಾಡಿಸಿದ್ದನು. ಸ್ಯಾಕ್ಸೊಫೋನ್ ಆ ಪದ್ಯವನ್ನು ಅಕ್ಷರ ಅಕ್ಷರವಾಗಿ ಉಚ್ಚರಿಸುತ್ತ ಹೋಗುತ್ತದೆ. ವೈಣಿಕನು ಸಾಹಿತ್ಯಕ್ಕೆ ಸರಿಯಾಗಿ ಮೀಟು ಹಾಕಿದಾಗ ಕೃತಿ ಬಲ್ಲವರ ಕಿವಿಗೆ ಮಾತು ಕೇಳಿಸುವುದಿಲ್ಲವೇ, ಹಾಗೆ. "ಸಾಹಿತ್ಯವಿಲ್ಲ" ಎಂದು ದೂರಿದವರು ಕಾಗದವನ್ನು ಮುಂದಿಟ್ಟುಕೊಂಡು ಇದನ್ನೊಮ್ಮೆ ಕೇಳಬೇಕು. ಕೋಲ್ಟ್ರೇನ್ ಭಾರತೀಯ ಸಂಗೀತವನ್ನು ಆಸ್ಥೆಯಿಂದ ಅಭ್ಯಸಿಸಿದವನು. 1965ರಲ್ಲಿ ಹುಟ್ಟಿದ ತನ್ನ ಮಗನಿಗೆ ಸಿತಾರ್ ವಾದಕ ರವಿಶಂಕರರ ಹೆಸರಿಟ್ಟನು. 1967ರಲ್ಲಿ, 40ನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಉಳಿದದ್ದು ಚಾರ್ಲ್ಸ್ ಮಿಂಗಸ್‌ನ 'ಮಿಂಗಸ್ ಆಹ್ ಉಮ್'. ಇದೂ 1959ರದು, ಎಂಥ ವರ್ಷವೋ ಅದು! ಮಿಂಗಸ್ ಬಾಸ್ ವಾದಕ, ಕೋಪಿಷ್ಠ, ಮೇಳದವರ ಮೇಲೆ ವೇದಿಕೆಯಲ್ಲೇ ರೇಗುವವನು. ಕಪ್ಪು ಮಕ್ಕಳು ಶಾಲೆಯ ಒಳಗೆ ಕಾಲಿಡದಂತೆ 1957ರಲ್ಲಿ ಸೈನಿಕರನ್ನು ನಿಲ್ಲಿಸಿದ ಅರ್ಕನ್ಸಾ ರಾಜ್ಯದ ಗವರ್ನರ್ ಫೌಬಸ್‌ನನ್ನು ಹಂಗಿಸುವ ಕೃತಿ ಇದರಲ್ಲಿದೆ. ಹಂಗಿಸುವ ಮಾತುಗಳನ್ನು ಕಂಪನಿ ಬಿಡಲಿಲ್ಲ. ಕುಂಟುತ್ತ ನಡೆಯುವ ಆ ಅಣಕು ಮೆರವಣಿಗೆಯ ಮಟ್ಟಿಗೆ ಮಾತಿನ ಅಗತ್ಯವೂ ಇರಲಿಲ್ಲ. ಅದೇ ವರ್ಷ ತೀರಿಕೊಂಡ ಲೆಸ್ಟರ್ ಯಂಗ್ ಎಂಬ ಹಿರಿಯ ವಾದಕನಿಗಾಗಿ ರಚಿಸಿದ ಶೋಕಗೀತೆಯೂ ಇದೆ. ಆ ಶೋಕಗೀತೆಯಲ್ಲಿ ಒಂಟಿಯಾಗಿ ಕೇಳಿಬರುವ ಸ್ಯಾಕ್ಸೊಫೋನ್ ಜಾನ್ ಹ್ಯಾಂಡಿಯದು. ಮುಂಬಯಿಯ ಜಾಝ್ ಉತ್ಸವಕ್ಕೆ 1980ರಲ್ಲಿ ಬಂದು, ಕದ್ರಿ ಗೋಪಾಲನಾಥರೊಡನೆ ಕೂಡಿ ನುಡಿಸಿದ ಅದೇ ಹ್ಯಾಂಡಿ.

ಮಿಂಗಸ್‌ನ ಮೇಳದಿಂದ ಕರ್ನಾಟಕಕ್ಕೆ ಇನ್ನೊಂದು ದಾರಿಯೂ ಇದೆ. ಅವನ 1963ರ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ' ತಟ್ಟೆಯಲ್ಲಿ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವನು ಬಾಸ್ಟನ್ನಿನ ಚಾರ್ಲಿ ಮಾರಿಯಾನೊ. ಆತ ಮುಂದೆ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿತನು. ಬೆಂಗಳೂರಿನಲ್ಲಿ ಟಿ. ಎ. ಎಸ್. ಮಣಿಯವರು ನಡೆಸುತ್ತಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನ ಕಲಾವಿದರೊಡನೆ ಅವನು ನುಡಿಸಿದ 'ಜ್ಯೋತಿ' ಎಂಬ ತಟ್ಟೆಯನ್ನು 1983ರಲ್ಲಿ ಜರ್ಮನಿಯ ಇ.ಸಿ.ಎಂ. ಕಂಪನಿ ಹೊರತಂದಿತು. ಅದರಲ್ಲಿ ಆರ್. ಎ. ರಮಾಮಣಿಯವರು ಹಾಡಿದ್ದಾರೆ, ಮಣಿಯವರ ಮೃದಂಗವಿದೆ. ಮನೆಯ ಹಿರಿಯರ ಕೈ ರೇಡಿಯೋದ ಗುಂಡಿಯ ಕಡೆಗೆ ಹೋಗುವ ಮುನ್ನ ಅದನ್ನು ಹಾಕಿ ನೋಡಬಹುದು.